ಎ.ಸಿ. ಕೂರಿಸಿದ ಖರ್ಚು

ನಮ್ಮ ಮನೆಯವರು ವೈರಿಂಗ್ ಕೆಲಸದವರು. ಮಧುಗಿರಿಯಲ್ಲಿ ಅವರಿಗೆ ಅಂಗಡಿ ಅಂತ ಏನೂ ಇರಲಿಲ್ಲ. ಬೈಕಿನ ಹಿಂದೆ ಕಟ್ಟಿದ ಒಂದು ಕ್ಯಾನ್ವಾಸ್ ಚೀಲ, ಅದರಲ್ಲಿ ಡ್ರಿಲ್ಲು, ಟೆಸ್ಟರು, ಟೇಪು, ಜೇಬಿನಲ್ಲಿ ಫೋನು. ಕರೆ ಬಂದ ಕಡೆ ಹೋಗುತ್ತಿದ್ದರು. ನಾನು ಪುರವರ ಹೋಬಳಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಮಗೆ ಮಕ್ಕಳಾಗಲಿಲ್ಲ. ಮೊದಮೊದಲು ಅದಕ್ಕಾಗಿ ಅತ್ತೆವು, ಆಮೇಲೆ ಇಬ್ಬರೂ ಸುಮ್ಮನಾದೆವು. ಬೆಟ್ಟದ ಬುಡದ ಕಡೆ ಒಂದು ಸ್ವಂತ ಮನೆಯಿತ್ತು. ಒಂದು ಹಾಲು, ಒಂದು ರೂಮು, ಅಡುಗೆಮನೆ, ಮೇಲೆ ಬರಿ ತಾರಸಿ.

ಅವರು ಎ.ಸಿ. ಕೆಲಸಕ್ಕೆ ಇಳಿದದ್ದು ಪಾವಗಡದ ಕಡೆ ಸೋಲಾರ್ ಪಾರ್ಕ್ ಬಂದ ಮೇಲೆ. ತಿರುಮಣಿ ಸುತ್ತಮುತ್ತ ಜಮೀನು ಗುತ್ತಿಗೆಗೆ ಕೊಟ್ಟ ಕೆಲವರು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಹೊರಗಿನಿಂದ ಬಂದ ಇಂಜಿನಿಯರುಗಳು ಎ.ಸಿ. ಇದ್ದರೆ ಮಾತ್ರ ಬರುತ್ತೇವೆ ಅಂದರು. ಆ ಬಿಸಿಲಿಗೆ ಅವರು ಹಾಗೆ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಶಿರಾದಲ್ಲಿ ನಮ್ಮವರಿಗೆ ಒಬ್ಬ ಸ್ನೇಹಿತರಿದ್ದರು. ಗಲ್ಫ್‌ನಲ್ಲಿ ಏಳೆಂಟು ವರ್ಷ ಎ.ಸಿ. ಮೆಕ್ಯಾನಿಕ್ ಆಗಿದ್ದು ಊರಿಗೆ ಮರಳಿದವರು. ಅವರ ಜೊತೆ ಸೇರಿ ನಮ್ಮವರೂ ಕೆಲಸ ಕಲಿತರು. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲೂ ಇಬ್ಬರೇ ಜೋಡಿಯಾಗಿ ಓಡಾಡುತ್ತಿದ್ದರು. ಒಬ್ಬರು ಮೇಲೆ ಹತ್ತಿದರೆ ಇನ್ನೊಬ್ಬರು ಕೆಳಗಿರಬೇಕು ಅನ್ನುವುದು ಅವರಿಬ್ಬರೇ ಮಾಡಿಕೊಂಡಿದ್ದ ಕಟ್ಟಳೆ.

ಸಂಜೆ ಕಾಫಿ ಕುಡಿಯುತ್ತಾ ಆ ದಿನದ ಗಿರಾಕಿಯ ಸುದ್ದಿ ಹೇಳುವುದು ಅವರ ಅಭ್ಯಾಸ.

"ಎಲ್ರೂ ಎ.ಸಿ. ರೇಟ್ ಕೇಳ್ತಾರೆ ಕಣೆ. ಕೂರ್ಸೋಕೆ ಏಟಾಯ್ತದೆ ಅಂತ ಯಾರೂ ಕೇಳಲ್ಲ. ಪೆಟ್ಟಿಗೆ ಮನೇಗ್ ಬಂದ್ಮೇಲೆ ಸುರು ಆಯ್ತದೆ ಗಲಾಟೆ."

ಅಂಗಡಿಯಲ್ಲಿ ಫಿಟ್ಟಿಂಗ್ ಫ್ರೀ ಅಂದಿರುತ್ತಾರೆ. ಫ್ರೀ ಎಂದರೆ ಬಂದು ಕೂರಿಸುವ ಕೂಲಿ ಮಾತ್ರ. ಒಳಗಿನ ಯಂತ್ರಕ್ಕೂ ಹೊರಗಿನ ಯಂತ್ರಕ್ಕೂ ನಡುವೆ ಎಳೆಯುವ ತಾಮ್ರದ ಪೈಪು, ಹೊರಗಿನದನ್ನು ಹೊರುವ ಕಬ್ಬಿಣದ ಸ್ಟ್ಯಾಂಡು, ವೈರು, ಸ್ಟೆಬಿಲೈಜರು, ಗೋಡೆಗೆ ತೂತು ಕೊರೆಯುವುದು, ಎಲ್ಲಕ್ಕೂ ಬೇರೆ ದುಡ್ಡು. ಅದನ್ನು ಮನೆಯ ಯಜಮಾನರಿಗೆ ಮೊದಲೇ ಯಾರೂ ಹೇಳಿರುವುದಿಲ್ಲ. ಹೇಳುವ ಪಾಡು ಕೂರಿಸಲು ಬಂದವನದು, ಬೈಸಿಕೊಳ್ಳುವ ಪಾಡೂ ಅವನದೇ. ನಮ್ಮವರು ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದರು. ನಾನು ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಅರ್ಧ ಕೇಳುತ್ತಿದ್ದೆ, ಅರ್ಧ ಬಿಡುತ್ತಿದ್ದೆ.

ಆ ವರ್ಷ ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಕೊರಟಗೆರೆಯಲ್ಲಿ ಒಬ್ಬ ನಿವೃತ್ತ ನೌಕರರ ಮನೆಯಲ್ಲಿ ಕೆಲಸ. ಮೇಲಿನ ಮಹಡಿಯ ರೂಮಿಗೆ ಎ.ಸಿ. ಬೇಕಿತ್ತು, ಅವರ ಹೆಂಡತಿಗೆ ಎದೆನೋವಿನ ಕಾಯಿಲೆ, ಬಿಸಿಲು ತಡೆಯುತ್ತಿರಲಿಲ್ಲವಂತೆ. ಅಲ್ಲಿ ನಡೆದದ್ದನ್ನು ನಮ್ಮವರು ಆಮೇಲೆ ಹಾಸಿಗೆಯಲ್ಲಿ ಮಲಗಿ ನನಗೆ ಎಷ್ಟೋ ಸಲ ಹೇಳಿದ್ದರು. ಹೊರಗಿನ ಯಂತ್ರವನ್ನು ತಾರಸಿಯ ಮೇಲಿಡೋಣ ಅಂತ ಇವರು ಅಂದರಂತೆ. ಅದಕ್ಕೆ ಪೈಪು ಉದ್ದ ಬೇಕಾಗುತ್ತಿತ್ತು. ಬೇಡವಾದರೆ ರೂಮಿನ ಹೊರಗೋಡೆಗೇ ತೂಗುಹಾಕೋಣ, ಆದರೆ ನಿಲ್ಲಲು ಬೊಂಬಿನ ಸಾರ್ವೆ ಕಟ್ಟಬೇಕು, ಇನ್ನೊಬ್ಬರನ್ನು ಕರೆಸಬೇಕು ಅಂದರಂತೆ.

"ಅಂಗಡಿಯವರು ಫ್ರೀ ಅಂದಿದ್ರು. ನೀವು ಒಂದೊಂದಕ್ಕೂ ದುಡ್ಡು ಅಂತೀರಿ," ಅಂದರಂತೆ ಆ ಮನೆಯ ಯಜಮಾನರು. "ಒಂದು ಯಂತ್ರಕ್ಕೆ ಇಬ್ಬರು ಕೂಲಿ ಯಾಕ್ರೀ? ಆ ಸಜ್ಜದ ಮೇಲೆ ನಿಂತ್ಕೊಂಡ್ರೆ ಕೈಗೆ ಎಟುಕುತ್ತಲ್ಲ."

ಕೆಳಗಿನ ಕಿಟಕಿಯ ಮೇಲೆ ಸಿಮೆಂಟಿನ ಸಜ್ಜವಿತ್ತು. ನಮ್ಮವರು ಅದನ್ನು ಕಾಲಿನಲ್ಲಿ ಒದ್ದು ನೋಡಿದರು. ಗಟ್ಟಿ ಅನ್ನಿಸಿತು. ಶಿರಾದ ಸ್ನೇಹಿತರು ಆ ದಿನ ನೆಂಟರ ಮದುವೆಗೆ ಹೋಗಿದ್ದರು. ಒಲ್ಲೆ ಅಂದರೆ ಬೇರೆ ಯಾರಾದರೂ ಬಂದು ಮಾಡಿಕೊಟ್ಟು ಹೋಗುತ್ತಾರೆ. "ನಾನೇ ಹೂಂ ಅಂದೆ ಕಣೆ," ಅಂತ ಪ್ರತಿ ಸಲವೂ ಹೇಳುತ್ತಿದ್ದರು. "ಅವರೇನು ನನ್ನ ಕೈ ಹಿಡಿದು ಹತ್ತಿಸ್ಲಿಲ್ಲ."

ಸ್ಟ್ಯಾಂಡಿಗೆ ಮೂರನೇ ತೂತು ಕೊರೆಯುವಾಗ ಸಜ್ಜ ಮುರಿಯಿತು. ಕೆಳಗೆ ಬಟ್ಟೆ ಒಗೆಯುವ ಕಲ್ಲಿತ್ತು.

ನನಗೆ ಫೋನು ಬಂದಾಗ ಮಕ್ಕಳ ಬಿಸಿಯೂಟ ನಡೆಯುತ್ತಿತ್ತು. ಪರದೆಯ ಮೇಲೆ ಅವರ ಹೆಸರಿತ್ತು, ದನಿ ಬೇರೆಯವರದು. ನಾನು ಕೈಯಲ್ಲಿದ್ದ ಸೌಟನ್ನು ಎಲ್ಲಿಟ್ಟೆ ಎಂದು ಈಗಲೂ ನೆನಪಿಲ್ಲ. ಕೊರಟಗೆರೆಯಿಂದ ತುಮಕೂರು, ಅಲ್ಲಿಂದ ಬೆಂಗಳೂರು. ಆಂಬುಲೆನ್ಸಿನಲ್ಲಿ ಅವರಿಗೆ ಎಚ್ಚರವಿತ್ತು. "ಕಾಲು ಎಲ್ಲಿ ಅವೆ ನೋಡು," ಅಂದರು. ಕಾಲು ಇದ್ದಲ್ಲೇ ಇದ್ದವು. ನಾನು ಅವುಗಳ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ.

ಎದೆಯ ಮೇಲ್ಭಾಗದ ಹತ್ತಿರ ಬೆನ್ನುಹುರಿಗೆ ಏಟಾಗಿತ್ತು. ಕೈ ಚೆನ್ನಾಗಿದ್ದವು, ಮಾತು ಚೆನ್ನಾಗಿತ್ತು. ಎದೆಯಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಆಸ್ಪತ್ರೆ, ಆಮೇಲೆ ಹಾಸಿಗೆ ಹಿಡಿದವರಿಗೆ ವ್ಯಾಯಾಮ ಕಲಿಸುವ ಇನ್ನೊಂದು ಜಾಗ, ಎಲ್ಲ ಮುಗಿಸಿ ಮನೆಗೆ ಬಂದಾಗ ಶ್ರಾವಣ. ಅಷ್ಟರಲ್ಲಿ ಮಿಡಿಗೇಶಿಯಿಂದ ನಮ್ಮತ್ತೆ ಎರಡು ಸೀರೆ, ಒಂದು ಎಲೆಅಡಿಕೆ ಚೀಲ ಹಿಡಿದುಕೊಂಡು ಬಂದುಬಿಟ್ಟಿದ್ದರು. ನಾನು ಶಾಲೆಗೆ ಹೋದಾಗ ಮಗನನ್ನು ಅವರು ನೋಡಿಕೊಳ್ಳುತ್ತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನಾನು ಗಡಿಯಾರ ತೋರಿಸಿ ಹೇಳಿಕೊಟ್ಟೆ. ಅವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಮಧುಗಿರಿ ಬಸ್ ಸ್ಟ್ಯಾಂಡಿಗೆ ಹೋಗುವ ಬಸ್ಸುಗಳ ಹಾರನ್ ಲೆಕ್ಕದಲ್ಲಿ ಅವರು ಒಂದು ದಿನವೂ ಹೊತ್ತು ತಪ್ಪಿಸಲಿಲ್ಲ.

ಮಳೆಗಾಲ, ಚಳಿಗಾಲ ಹೇಗೋ ಕಳೆದವು. ಫೆಬ್ರವರಿ ಮುಗಿಯುತ್ತಿದ್ದಂತೆ ಬಿಸಿಲು ಏರಿತು. ನಮ್ಮ ಬೆಟ್ಟ ಇಡೀ ಒಂದೇ ಬಂಡೆ. ಹಗಲೆಲ್ಲ ಕಾಯುತ್ತದೆ, ಹೊತ್ತು ಮುಳುಗಿದ ಮೇಲೆ ಆ ಕಾವನ್ನು ಊರಿನ ಮೇಲೆ ಬಿಡುತ್ತದೆ. ಅದರ ಬುಡದಲ್ಲಿದ್ದ ನಮಗೆ ಸಂಜೆಯೂ ಮಧ್ಯಾಹ್ನದ ಹಾಗೇ. ಅವರಿಗೆ ಆಗಾಗ ಮೈ ಬಿಸಿಯಾಗತೊಡಗಿತು. ಜ್ವರದ ಮಾತ್ರೆ ಕೊಟ್ಟರೂ ಇಳಿಯುತ್ತಿರಲಿಲ್ಲ. ನಾವು ಫ್ಯಾನು ಜೋರು ಮಾಡಿ ಒದ್ದೆ ಬಟ್ಟೆ ಹೊದಿಸುತ್ತಿದ್ದೆವು.

ಮಾರ್ಚಿ ತಿಂಗಳ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಯುವ ಹೊತ್ತಿಗೆ ಅತ್ತೆ ಪಕ್ಕದ ಮನೆಯವರ ಕೈಲಿ ಫೋನು ಮಾಡಿಸಿದರು.

"ಬ್ಯಾಗ ಬಾ ಕಣಮ್ಮ. ಮಗ ಏನೇನೋ ಮಾತಾಡ್ತಾವ್ನೆ. ನನ್ನೇ ಯಾರು ಅಂತವ್ನೆ."

ನಾನು ಹೋಗುವಷ್ಟರಲ್ಲಿ ಅವರ ಮೈ ಕಾದ ಹೆಂಚಿನ ಹಾಗಿತ್ತು. ಹಣೆ, ಕತ್ತು ಮಾತ್ರ ಒದ್ದೆ. ಎದೆಯಿಂದ ಕೆಳಗೆ ಒಂದು ಹನಿ ಬೆವರಿಲ್ಲ, ಒಣಗಿದ ಕಾಗದದಂಥ ಚರ್ಮ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಡಾಕ್ಟರು ತಣ್ಣೀರಿನಲ್ಲಿ ಒರೆಸಿ, ಬಾಟಲು ಹಾಕಿ, ಎರಡು ಗಂಟೆಯ ಮೇಲೆ ನನ್ನನ್ನು ಹೊರಗೆ ಕರೆದರು.

"ಇದು ಜ್ವರ ಅಲ್ಲಮ್ಮ. ಇವರ ಮೈಗೆ ಬೆವರೋದೇ ಗೊತ್ತಿಲ್ಲ ಈಗ. ರೂಮು ಎಷ್ಟು ಕಾಯುತ್ತೋ ಇವರೂ ಅಷ್ಟು ಕಾಯ್ತಾರೆ. ಬೆಂಗಳೂರಿನವರು ಹೇಳಿ ಕಳಿಸಿರಬೇಕಲ್ಲ?"

ಹೇಳಿ ಕಳಿಸಿದ್ದರು. ಡಿಸ್ಚಾರ್ಜ್ ಕಾಗದದ ಕೊನೆಯ ಸಾಲಿನಲ್ಲಿ, ರೋಗಿಯನ್ನು ತಂಪಾದ ಕೋಣೆಯಲ್ಲಿಡಬೇಕು, ಸಾಧ್ಯವಾದರೆ ಎ.ಸಿ. ಒಳ್ಳೆಯದು ಅಂತ ಬರೆದಿತ್ತು. ನಾನು ಓದಿದ್ದೆ. ಓದಿ, ಮಡಿಸಿ, ಬೀರುವಿನಲ್ಲಿಟ್ಟಿದ್ದೆ. ಎ.ಸಿ. ನಮ್ಮಂಥವರಿಗಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ನಿಜವಾದ ಕಾರಣ ಅದಲ್ಲ. ನನ್ನ ಗಂಡನನ್ನು ಕೆಡವಿದ ಆ ವಸ್ತುವನ್ನು ನನ್ನ ಮನೆಯ ಗೋಡೆಯ ಮೇಲೆ ದಿನಾ ನೋಡುವುದು ನನ್ನಿಂದಾಗುತ್ತಿರಲಿಲ್ಲ. ನನ್ನ ಆ ಸಂಕಟಕ್ಕೆ ಅವರು ತಮ್ಮ ಜೀವ ತೆರುವವರಿದ್ದರು. ಆಸ್ಪತ್ರೆಯ ಕಲ್ಲುಬೆಂಚಿನ ಮೇಲೆ ಕೂತು ನಾನು ಅದನ್ನು ಮೊದಲ ಸಲ ಒಪ್ಪಿಕೊಂಡೆ.

ಮನೆಗೆ ಬಂದ ಮೇಲೆ ಎ.ಸಿ. ತರೋಣ ಅಂದೆ. ಅವರು ಬ್ಯಾಡ ಅಂದರು.

"ಎ.ಸಿ. ಒಂದೇ ಆದ್ರೆ ತರ್ಬೋದು. ಈ ಮನೇಗೆ ಅದನ್ನ ಕೂರ್ಸೋಕೆ ಏನೇನ್ ಬೇಕು ಅಂತ ನಂಗ್ ಗೊತ್ತು. ನೀನು ಒಬ್ಳು ದುಡಿಯೋಳು. ಬುಡು, ಇದೊಂದು ಬ್ಯಾಸ್ಗೆ ಹೆಂಗೋ ಕಳೀತದೆ."

ನಾನು ವಾದ ಮಾಡಲಿಲ್ಲ. ಶಿರಾದ ಸ್ನೇಹಿತರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಇವರು ಬಿದ್ದ ದಿನ ತಾನಿರಲಿಲ್ಲ ಎಂಬ ನೋವು ಅವರನ್ನು ಬಿಟ್ಟಿರಲಿಲ್ಲ. ಭಾನುವಾರ ಭಾನುವಾರ ಬರುತ್ತಿದ್ದರು, ಗೆಳೆಯನಿಗೆ ಗಡ್ಡ ಬೋಳಿಸಿ, ಉಗುರು ಕತ್ತರಿಸಿ, ಹೆಚ್ಚು ಮಾತಾಡದೆ ಹೋಗುತ್ತಿದ್ದರು. ಫೋನಿನಲ್ಲಿ ಅವರು, "ಠೀಕ್ ಐತೆ ಭಾಬಿ, ನಾನು ನೋಡ್ತೀನಿ," ಎಂದಷ್ಟೇ ಅಂದರು.

ಅವರು ನೋಡಿದ ರೀತಿ ಬೇರೆಯೇ ಇತ್ತು. ಮೂರು ದಿನ ಬಿಟ್ಟು ನಮ್ಮ ಮನೆ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಅದರಲ್ಲಿ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ. ಮುಂದಿನ ಸೀಟಿನಿಂದ ಇಳಿದವರು ಕೊರಟಗೆರೆಯ ಆ ನಿವೃತ್ತ ನೌಕರರು.

ನಾನು ಅವರನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ನೋಡಿದ್ದೆ. ಆಂಬುಲೆನ್ಸಿನ ದುಡ್ಡು ಅವರೇ ಕೊಟ್ಟಿದ್ದರು. ಆಮೇಲೆ ಒಂದು ವರ್ಷ ಫೋನು ಎತ್ತಿರಲಿಲ್ಲ. ಈಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅದೇ ಎ.ಸಿ. ಅಮ್ಮ," ಅಂದರು. "ಅವತ್ತಿಂದ ಪೆಟ್ಟಿಗೆ ಬಿಚ್ಚಿಲ್ಲ. ನಮ್ಮೋಳು ಆ ರೂಮಿಗೇ ಹೋಗೋದಿಲ್ಲ ಅಂದ್ಲು. ಕೆಳಗಡೆ ಹಾಲಲ್ಲಿ ಮಲಗ್ತಾಳೆ. ನಿಮ್ಮ ಸ್ನೇಹಿತರು ಬಂದು ವಿಷಯ ಹೇಳಿದ್ರು. ತಗೊಳ್ಳಿ ಅಂತ ಕೇಳೋಕೂ ನನಗೆ ಮುಖ ಇಲ್ಲ."

ನನ್ನ ಬಾಯಿಗೆ ಏನೇನೋ ಬಂತು. ವರ್ಷವಿಡೀ ಕೂಡಿಟ್ಟಿದ್ದ ಮಾತು. ಆದರೆ ಹೊರಗೆ ಬಂದದ್ದು ಒಂದೇ. "ವಾಪಸ್ ತಗೊಂಡೋಗಿ," ಅಂದೆ. "ನಮಗೆ ಬೇಡ."

ಒಳಗಿನಿಂದ ನಮ್ಮವರು ಕೂಗಿದರು. "ಯಾರದು? ಒಳಿಕ್ ಕರಿ."

ಆ ಮನುಷ್ಯ ಒಳಗೆ ಹೋಗಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತರು. ನಮ್ಮವರ ಕಾಲ ಮೇಲಿದ್ದ ಒದ್ದೆ ಟವೆಲು ಒಣಗಿಹೋಗಿತ್ತು. ಆ ಮನುಷ್ಯ ಅದನ್ನು ನೋಡಿ, ಎತ್ತಿ, ಪಕ್ಕದ ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ಮತ್ತೆ ಹೊದಿಸಿದರು.

"ಸಾರ್, ಅಮ್ಮಾವ್ರು ಹೆಂಗವ್ರೆ?" ಎಂದು ನಮ್ಮವರು ಕೇಳಿದರು.

"ಇದ್ದಾಳೆ. ನಿಮ್ಮನ್ನೇ ನೆನೆಸ್ತಾ ಇರ್ತಾಳೆ."

"ಎ.ಸಿ. ಬುಟ್ಟೋಗಿ ಸಾರ್. ಅದೇನು ತಪ್ಪು ಮಾಡೈತೆ?" ಅಂದರು ನಮ್ಮವರು. ಆಮೇಲೆ, "ಆ ಸಜ್ಜ ಒಡೆಸಿ ಹೊಸ್ದು ಹಾಕ್ಸಿ. ಅದ್ರ ಕಂಬಿ ಎಲ್ಲಾ ತುಕ್ಕು ಹಿಡಿದಿತ್ತು. ಕೆಳಗಡೆ ಯಾರಾದ್ರೂ ಬಟ್ಟೆ ಒಗೀತಾ ಇರ್ತಾರೆ," ಎಂದರು.

ಆ ಮನುಷ್ಯ ಅತ್ತರು. ಶಬ್ದವಿಲ್ಲದೆ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಅತ್ತರು. ನಮ್ಮತ್ತೆ ಅಡುಗೆಮನೆಯಿಂದ ಒಂದು ಲೋಟ ಮಜ್ಜಿಗೆ ತಂದು ಅವರ ಮುಂದೆ ಇಟ್ಟರು. ನನಗೆ ಆ ಕೆಲಸ ಮಾಡಲಾಗಲಿಲ್ಲ. ಅವರ ಮೇಲಿನ ಸಿಟ್ಟು ಆ ದಿನ ಹೋಗಲಿಲ್ಲ, ಇವತ್ತಿಗೂ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಪೆಟ್ಟಿಗೆಗಳು ಹಾಲಿನಲ್ಲಿ ಉಳಿದವು.

ಯಂತ್ರ ಪುಕ್ಕಟೆ ಬಂತು, ಇನ್ನೇನು ನಾಳೆಯೇ ಕೂರಿಸಿಬಿಡಬಹುದು ಎಂದುಕೊಂಡಿದ್ದೆ. ಅವರು ಸಂಜೆಯ ಕಾಫಿಯ ಹೊತ್ತಿಗೆ ಹೇಳುತ್ತಿದ್ದುದನ್ನು ನಾನು ಎಷ್ಟು ಕಡಿಮೆ ಕೇಳಿಸಿಕೊಂಡಿದ್ದೆ ಎಂಬುದು ಆಗ ಗೊತ್ತಾಯಿತು.

"ಒಂದ್ ನೋಟ್‌ಬುಕ್ ತಗೋ ಟೀಚರಮ್ಮ. ನಾನ್ ಹೇಳ್ತೀನಿ, ನೀನ್ ಬರ್ಕೊ," ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ದನಿಯಲ್ಲಿ ಆ ಹುರುಪು ಕೇಳಿದ್ದು ಅದೇ ಮೊದಲು.

ಮೊದಲು ಮೀಟರು. ನಮ್ಮದು ಹಳೆಯ ಕನೆಕ್ಷನ್ನು, ಮಂಜೂರಾದ ಲೋಡು ಎ.ಸಿ.ಗೆ ಸಾಲುತ್ತಿರಲಿಲ್ಲ. ಹೆಚ್ಚಿಸಿಕೊಡಿ ಎಂದು ಕರೆಂಟ್ ಆಫೀಸಿಗೆ ಅರ್ಜಿ ಹಾಕಬೇಕು, ಠೇವಣಿ ಕಟ್ಟಬೇಕು. ಆಮೇಲೆ ಪ್ರತಿ ತಿಂಗಳ ಬಿಲ್ಲಿನಲ್ಲಿ, ಎ.ಸಿ. ಹಾಕಲಿ ಬಿಡಲಿ, ಅದಕ್ಕೆಂದು ಒಂದಿಷ್ಟು ಹೆಚ್ಚಿಗೆ ಬರುತ್ತದೆ. ಅದಾದ ಮೇಲೆ ಮೀಟರಿನಿಂದ ರೂಮಿನವರೆಗೆ ಎ.ಸಿ.ಗೇ ಬೇರೆ ದಪ್ಪ ವೈರು. ಗೋಡೆಯೊಳಗಿದ್ದ ಹಳೆಯ ವೈರನ್ನು ಅವರೇ ಮದುವೆಯಾದ ಹೊಸದರಲ್ಲಿ ಎಳೆದಿದ್ದರು.

"ಅದು ಫ್ಯಾನು ಲೈಟಿಗೆ ಎಳೆದದ್ದು. ಅದ್ರಲ್ಲೇ ಕೊಟ್ರೆ ವೈರು ಕಾದು ಒಂದಿನ ಮನೆಗೇ ಬೆಂಕಿ ಬೀಳ್ತದೆ. ಎಷ್ಟೋ ಜನ ಅಂಗೇ ಮಾಡ್ಕೊಂಡವ್ರೆ," ಅಂದರು. ಆಮೇಲೆ, ಶಾಕ್ ಹೊಡೆಯದ ಹಾಗೆ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಬರೆಸಿದರು.

"ಅರ್ಥಿಂಗ್ ಇಲ್ವಾ ನಮ್ಮನೇಲಿ?" ನಾನು ಕೇಳಿದೆ.

"ಊರೋರ ಮನೇಗೆಲ್ಲ ಹಾಕ್ದೆ. ನಮ್ದು ಆಮೇಲೆ ನೋಡಾನ ಅಂತ ಬುಟ್ಟಿದ್ದೆ."

ಹಿತ್ತಿಲಲ್ಲಿ ಗುಂಡಿ ತೆಗೆದು, ಇದ್ದಿಲು ಉಪ್ಪು ಹಾಕಿ, ಪೈಪು ಹೂಳಿಸಬೇಕಾಯಿತು. ಸಂಜೆ ವೋಲ್ಟೇಜು ಕುಸಿಯುವ ಊರಾದ್ದರಿಂದ ಸ್ಟೆಬಿಲೈಜರ್ ಬೇಕೇ ಬೇಕು. ಜೊತೆಗೆ ಬಂದ ತಾಮ್ರದ ಪೈಪು ತಾರಸಿಯವರೆಗೆ ಸಾಲದು. ಕಮ್ಮಿ ಬಿದ್ದದ್ದನ್ನು ಅಡಿ ಲೆಕ್ಕದಲ್ಲಿ ಕೊಳ್ಳಬೇಕು, ತಾಮ್ರದ ರೇಟು ಇವತ್ತಿನದು ನಾಳೆಗಿಲ್ಲ. ನೀರು ಹೊರಗೆ ಹೋಗಲು ಇನ್ನೊಂದು ಪೈಪು. ಇವೆಲ್ಲಕ್ಕಿಂತ ಮೊದಲು ತಾರಸಿಗೆ ಬಿಳಿ ಬಣ್ಣ ಹೊಡೆಸಬೇಕು, ಪಡುವಣ ಕಿಟಕಿಗೆ ದಪ್ಪ ಪರದೆ ಹಾಕಬೇಕು ಅಂದರು. ಕಾದ ತಾರಸಿಯ ಕೆಳಗೆ ಎ.ಸಿ. ಹಾಕಿದರೆ ಅದು ತಾರಸಿಯನ್ನು ತಣಿಸುತ್ತದೆಯೇ ಹೊರತು ಮನುಷ್ಯನನ್ನಲ್ಲವಂತೆ.

ನಾನು ಬರೆದುಕೊಂಡೆ. ಎಲ್ಲ ಕೂಡಿದಾಗ ನನ್ನ ಎರಡು ತಿಂಗಳ ಸಂಬಳದಷ್ಟಾಯಿತು. ಒಂದೆರಡನ್ನು ಹೊಡೆದುಹಾಕಲೇ ಎಂದು ಪೆನ್ನು ಹಿಡಿದು ಯೋಚಿಸುತ್ತಿದ್ದೆ. ಅವರಿಗೆ ಅದು ಕಂಡಿತು.

"ಬೇಕಾದ್ರೆ ಬಣ್ಣ ಮುಂದಿನ್ ತಿಂಗ್ಳು ಮಾಡ್ಸು," ಅಂದರು. "ವೈರಲ್ಲಿ, ಅರ್ಥಿಂಗಲ್ಲಿ, ಹತ್ತೋನ ಕೂಲೀಲಿ ಉಳಿಸಕ್ ಹೋಗ್ಬ್ಯಾಡ."

ಲೋಡಿನ ಅರ್ಜಿ ಮಂಜೂರಾಗಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ನಾನು ರಜೆ ಹಾಕಿ ಅತ್ತೆಯ ಜೊತೆ ಸರದಿಯಲ್ಲಿ ಅವರ ಮೈ ಒರೆಸುತ್ತಾ ಕೂತೆ. ಅಂಗಡಿಯಿಂದ ಐಸು ತಂದು ಟಬ್ಬಿನಲ್ಲಿಟ್ಟು ಅದರ ಮೇಲೆ ಫ್ಯಾನು ಹಾಯಿಸಿದೆವು. ಅತ್ತೆ ಒಂದು ಮಧ್ಯಾಹ್ನ ಪಾದ ಒರೆಸುತ್ತಿದ್ದವರು ನಿಲ್ಲಿಸಿ, "ಇವ್ನು ಕೂಸಾಗಿದ್ದಾಗ್ಲೂ ಇಂಗೇ ಒರೆಸ್ತಿದ್ದೆ ಕಣಮ್ಮ. ಆಗ ಕಚಗುಳಿಯಾಗಿ ಕಾಲು ಝಾಡಿಸೋನು," ಅಂದರು. ಮತ್ತೆ ಒರೆಸತೊಡಗಿದರು. ಮಲಗಿದ್ದವರು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದಿರಲಿಲ್ಲ.

ಕೂರಿಸುವ ದಿನ ಶಿರಾದ ಸ್ನೇಹಿತರು ಇನ್ನೊಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದರು. ಅವರ ಕೆಲಸವನ್ನು ನೋಡಬೇಕೆಂದು ನಮ್ಮವರಿಗೆ ಆಸೆ. ಒಳಗಿನದನ್ನು ಮಲಗಿದಲ್ಲಿಂದಲೇ ನೋಡಬಹುದಿತ್ತು. ತಾರಸಿಯ ಮೇಲಿನದಕ್ಕೆ ಸ್ನೇಹಿತರು ವೀಡಿಯೋ ಕಾಲ್ ಮಾಡಿದರು. ನಾನು ಹಾಸಿಗೆಯ ಪಕ್ಕ ಫೋನು ಹಿಡಿದು ನಿಂತೆ.

"ಅಲ್ಲಿ ಪೈಪು ಮುರಿದಂಗೆ ಬಗ್ಗೈತೆ ನೋಡು," ಅಂದರು ನಮ್ಮವರು. "ಗ್ಯಾಸು ಸಿಕ್ಕಾಕ್ಕೊತದೆ."

"ದೂರದಿಂದ ಹಂಗೆ ಕಾಣ್ತೈತೆ ಭಯ್ಯಾ."

"ಹತ್ರಕ್ ಹಿಡಿ."

ಹತ್ತಿರಕ್ಕೆ ಹಿಡಿದರು. ಪೈಪು ನಿಜಕ್ಕೂ ನುಲಿದಿತ್ತು. ಸ್ನೇಹಿತರು ಅದನ್ನು ಬಿಚ್ಚಿ ಹೊಸದಾಗಿ ಬಗ್ಗಿಸಿದರು. ಗ್ಯಾಸು ಬಿಡುವ ಮೊದಲು ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ಎಳೆಯಬೇಕು. ಹೊತ್ತಾಗುತ್ತದೆಂದು ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ, ಮನೆಯವರಿಗೂ ಗೊತ್ತಾಗುವುದಿಲ್ಲ, ಎರಡು ವರ್ಷದಲ್ಲಿ ಯಂತ್ರ ಕೆಡುತ್ತದೆ. ಪಂಪು ಓಡಿದಷ್ಟು ಹೊತ್ತೂ ನಮ್ಮವರು ಫೋನು ಇಡಲು ಬಿಡಲಿಲ್ಲ. ಆ ಶಬ್ದ ಕೇಳಿಸಿಕೊಳ್ಳುತ್ತಿದ್ದರು.

ಮಧ್ಯಾಹ್ನ ಮೂರೂವರೆಗೆ ಎ.ಸಿ. ಓಡಿತು. ಮೊದಲು ಹೊಸ ಪ್ಲಾಸ್ಟಿಕ್ಕಿನ ವಾಸನೆ, ಆಮೇಲೆ ತಂಪು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ಕೈ ಎತ್ತಿ ಗಾಳಿಗೆ ಹಿಡಿದರು. ಎದೆಯಿಂದ ಕೆಳಗಿನ ಮೈಗೆ ಆ ತಂಪು ಬಂದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ. "ಕಾಲು ತಣ್ಣಗಾದ್ವಾ ನೋಡು," ಎಂದು ನನ್ನನ್ನು ಕೇಳಿದರು. ನಾನು ಮುಟ್ಟಿ, ಆದವು ಅಂದೆ. ಶಿರಾದವರು ಚೀಲ ತುಂಬುವ ನೆಪದಲ್ಲಿ ಹೊರಗೆ ಹೋದರು.

ಆ ಬೇಸಿಗೆಯೂ ಅದರ ಮುಂದಿನ ಬೇಸಿಗೆಯೂ ನಾವು ಆ ರೂಮಿನಲ್ಲೇ ಬದುಕಿದೆವು. ಬಾಗಿಲು ಮುಚ್ಚಿ ಮೂವರೂ ಅಲ್ಲೇ ಊಟ. ಅತ್ತೆಗೆ ತಂಡಿ ಒಗ್ಗುತ್ತಿರಲಿಲ್ಲ. ಕಂಬಳಿ ಹೊದ್ದು ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಬಸ್ಸಿಳಿದು ನಡೆದು ಬಂದಾಗ ರವಿಕೆಯೆಲ್ಲ ತೊಯ್ದಿರುತ್ತಿತ್ತು. ಅವರು ನನ್ನನ್ನು ಹತ್ತಿರ ಕರೆದು ಹಣೆಯ ಮೇಲಿನ ಬೆವರನ್ನು ಬೆರಳಲ್ಲಿ ಒರೆಸಿ, "ಬೆವರೋದು ಏಟು ಪುಣ್ಯ ಗೊತ್ತಾ ನಿಂಗೆ?" ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು.

ಅವರ ಹಳೆಯ ಗಿರಾಕಿಗಳು ಫೋನು ಮಾಡತೊಡಗಿದರು. ಶಿರಾದ ಸ್ನೇಹಿತರೇ ನಂಬರು ಕೊಡುತ್ತಿದ್ದರು. ಎ.ಸಿ. ಕೊಳ್ಳುವ ಮೊದಲು ಇವರನ್ನೊಂದು ಮಾತು ಕೇಳಿ ಎಂದು. ಪಾವಗಡದ ಕಡೆಯವರೊಂದಿಗೆ ಇವರು ಅರ್ಧ ತೆಲುಗಿನಲ್ಲೇ ಮಾತಾಡುತ್ತಿದ್ದರು. ಮನೆ ಎಷ್ಟು ಮಹಡಿ, ರೂಮು ಎಷ್ಟು ಅಡಿ, ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಮೀಟರು ಎಲ್ಲಿದೆ ಎಂದೆಲ್ಲ ಕೇಳಿ, ಏನೇನು ಬೇಕಾಗುತ್ತದೆ, ಯಾವುದಕ್ಕೆ ಅಂಗಡಿಯವರು ಹೆಚ್ಚಿಗೆ ಹೇಳುತ್ತಾರೆ, ಯಾವುದು ಬೇಡವೇ ಬೇಡ ಎಂದು ತಿಳಿಸುತ್ತಿದ್ದರು. ಕೊನೆಗೆ ಒಂದೇ ಪ್ರಶ್ನೆ. "ಹೊರಗಿನದನ್ನ ಕೂರ್ಸೋನು ಎಲ್ಲಿ ನಿಂತ್ಕೊತಾನೆ?" ಎಷ್ಟೋ ಜನ ಆ ಪ್ರಶ್ನೆಗೆ ತಡವರಿಸುತ್ತಿದ್ದರು. ತಾವು ಅದನ್ನು ಯೋಚಿಸಿಯೇ ಇರಲಿಲ್ಲ ಎನ್ನುತ್ತಿದ್ದರು. ಯಾರ ಹತ್ತಿರವೂ ಅವರು ತಮ್ಮ ಕಥೆ ಹೇಳಲಿಲ್ಲ. ಫೋನಿನ ಆ ಕಡೆಯವರಿಗೆ ಇವರು ಹಾಸಿಗೆಯಲ್ಲಿ ಮಲಗಿ ಮಾತಾಡುತ್ತಿದ್ದಾರೆ ಎಂಬುದೂ ಗೊತ್ತಿರಲಿಲ್ಲ.

ಬಿಸಿಲಿನಿಂದ ನಾನು ಅವರನ್ನು ಉಳಿಸಿಕೊಂಡೆ. ಬಿಸಿಲೇ ಶತ್ರು ಎಂದು ತಿಳಿದದ್ದು ನನ್ನ ತಪ್ಪು. ಎರಡನೆಯ ಬೇಸಿಗೆ ಕಳೆದು, ದಸರೆಯಾದ ಮೇಲೆ ಎ.ಸಿ. ನಿಲ್ಲಿಸಿದೆವು. ನವೆಂಬರ್ ಕೊನೆಯಲ್ಲಿ ಅವರಿಗೆ ಮೂತ್ರದ ಸೋಂಕಾಯಿತು. ಅಂಥದ್ದು ಮುಂಚೆಯೂ ಬಂದು ಹೋಗಿತ್ತು. ಈ ಸಲ ಅದು ರಕ್ತಕ್ಕೆ ಸೇರಿತು. ತುಮಕೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಐ.ಸಿ.ಯು. ತುಂಬ ತಣ್ಣಗಿತ್ತು. ಒಳಗೆ ಹೋಗಲು ಬಿಟ್ಟ ಐದು ನಿಮಿಷದಲ್ಲಿ, "ಇಲ್ಲಿ ಮಿಷನ್ನು ಸರ್ವೀಸ್ ಮಾಡ್ಸಿಲ್ಲ, ಸದ್ದು ಕೇಳು," ಎಂದು ಪಿಸುಗುಟ್ಟಿದರು. ನಾನು ಕಿವಿಗೊಟ್ಟೆ. ನನಗೆ ಅವರ ಉಸಿರೊಂದೇ ಕೇಳಿಸಿತು. ಹನ್ನೆರಡನೆಯ ದಿನ ಬೆಳಿಗ್ಗೆ, ನಾನು ಕೆಳಗೆ ಇಡ್ಲಿ ತರಲು ಹೋಗಿದ್ದಾಗ, ಹೋದರು.

ಮಿಡಿಗೇಶಿಯ ಹೊಲದಲ್ಲಿ ಮಣ್ಣು ಮಾಡಿದೆವು. ಕೊರಟಗೆರೆಯವರು ಬಂದಿದ್ದರು. ಈ ಸಲ ಅವರ ಹೆಂಡತಿಯೂ ಜೊತೆಗಿದ್ದರು. ಸಣ್ಣ ದೇಹದ, ಮೆಲ್ಲಗೆ ನಡೆಯುವ ಹೆಂಗಸು. ಎಲ್ಲರೂ ಹೋದ ಮೇಲೆ ಆಕೆ ನನ್ನ ಪಕ್ಕ ಬಂದು ಕೂತು, "ನನ್ನ ಸಲುವಾಗಿ ಆಯ್ತಲ್ಲಮ್ಮ," ಅಂದರು. ಇಲ್ಲ ಅನ್ನಬೇಕಿತ್ತು. ಆಕೆಯ ಕೈ ಹಿಡಿದುಕೊಂಡೆ, ಅಷ್ಟೆ.

ಆ ಮನೆಯಲ್ಲಿ ನಾನೂ ಅತ್ತೆಯೂ ಇನ್ನೊಂದು ಬೇಸಿಗೆ ಕಳೆದೆವು. ಇಬ್ಬರೂ ಆ ರೂಮಿಗೆ ಹೋಗುತ್ತಿರಲಿಲ್ಲ. ಹಾಲಿನಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಕಿಕೊಂಡು ಬೆಂದೆವು. ಎ.ಸಿ. ಹಾಕಿಕೊಳ್ಳಿ ಎಂದು ಶಿರಾದವರು ಎರಡು ಸಲ ಹೇಳಿದರು, ಮೂರನೆಯ ಸಲ ಹೇಳಲಿಲ್ಲ.

ಕಳೆದ ವರ್ಷ ನನಗೆ ವರ್ಗಾವಣೆ ಸಿಕ್ಕಿತು. ಮಿಡಿಗೇಶಿಗೆ ಹತ್ತಿರದ ಒಂದು ಶಾಲೆಗೆ. ಮಧುಗಿರಿಯ ಮನೆಯನ್ನು ಬಾಡಿಗೆಗೆ ಕೊಟ್ಟೆವು. ಬಂದವರು ಒಬ್ಬ ನರ್ಸು, ಅವರ ಗಂಡ, ಒಂದು ಹಸುಗೂಸು. ಆಕೆ ರೂಮಿನ ಬಾಗಿಲಲ್ಲಿ ನಿಂತು ಎ.ಸಿ. ನೋಡಿ ಖುಷಿಪಟ್ಟರು. ಅಡ್ವಾನ್ಸು ಜಾಸ್ತಿ ಕೇಳುತ್ತೀರಾ ಎಂದರು. ಇಲ್ಲ ಅಂದೆ. ಸರ್ವೀಸು ವರ್ಷಕ್ಕೆರಡು ಸಲ ಮಾಡಿಸಿ, ಮಾಡುವವರು ತಾರಸಿಗೆ ಮೆಟ್ಟಿಲಿನಿಂದಲೇ ಹೋಗಬಹುದು, ಏಣಿ ಬೇಕಾಗಿಲ್ಲ ಎಂದು ಹೇಳಿದೆ. ಆಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತಲೆಯಾಡಿಸಿದರು.

ಸಾಮಾನು ಗಾಡಿಯಲ್ಲಿ ಮುಂದೆ ಹೋಯಿತು. ನಾನೂ ಅತ್ತೆಯೂ ಮಧ್ಯಾಹ್ನದ ಬಸ್ಸು ಹತ್ತಿದೆವು. ಕಿಟಕಿಯ ಕಂಬಿ ಮುಟ್ಟಲಾಗದಷ್ಟು ಕಾದಿತ್ತು. ಅತ್ತೆ ಸೆರಗಿನಿಂದ ನನ್ನ ಕತ್ತು ಒರೆಸಿದರು.

"ನಮ್ಮೂರಲ್ಲಿ ಸೆಕೆ ವಸಿ ಕಮ್ಮಿ ಕಣಮ್ಮ," ಅಂದರು.

ಅದು ನಿಜವಲ್ಲ. ಅಲ್ಲಿಯೂ ಬಂಡೆಯ ಬೆಟ್ಟ, ಅಲ್ಲಿಯೂ ಮಳೆಯಿಲ್ಲದ ಹೊಲ. ನಾನು ಹೌದು ಅಂದೆ. ಬಸ್ಸು ಹೊರಟಿತು.